ಯಾರೂ ಕೊಡಬೇಕಿಲ್ಲದ ಬಾಕಿ

ಕಾಫಿಗೆ ಬೆಲೆ ಬಂದ ಮೇಲೆ ನಮ್ಮ ಕಡೆಯ ಮನೆಗಳಿಗೆ ಬರುವ ಫೋನುಗಳೇ ಬದಲಾಗಿಬಿಟ್ಟವು. ಮೊದಲೆಲ್ಲ ಫೋನು ಮಾಡುತ್ತಿದ್ದವರು ಗೊಬ್ಬರದ ಅಂಗಡಿಯವರು, ಸೊಸೈಟಿ ಸಾಲದ ಕಂತು ನೆನಪಿಸುವವರು, ಇಲ್ಲವೇ ಕುಯ್ಲಿಗೆ ಆಳು ಬೇಕಾ ಅಂತ ಕೇಳುವ ಮೇಸ್ತ್ರಿಗಳು. 2024ರಲ್ಲಿ ರೊಬಸ್ಟಾ ನಮ್ಮ ಹಿರಿಯರು ಕಂಡು ಕೇಳದ ದರಕ್ಕೆ ಹೋಯಿತಲ್ಲ, ಆಮೇಲೆ ಶುರುವಾದದ್ದು ಬೇರೆ ದನಿಗಳು. "ಸರ್, ನಿಮ್ ದುಡ್ಡು ಎಸ್‌ಬಿ ಅಕೌಂಟಲ್ಲಿ ಸುಮ್ನೆ ಮಲಗಿದೆ" ಅನ್ನುವ ಸಿಹಿ ದನಿಗಳು. ಬಿಸಿಲೆ ಅಂದರೆ ಹೊರಗಿನವರಿಗೆ ವ್ಯೂ ಪಾಯಿಂಟು, ಎದುರಿಗೆ ಕಾಣುವ ಪುಷ್ಪಗಿರಿ, ಕುಳ್ಕುಂದದ ಕಡೆ ಇಳಿಯುವ ಘಾಟಿ. ನಮಗೆ ಅದು ಮಳೆ, ಜಿಗಣೆ, ರಾತ್ರಿ ತೋಟಕ್ಕೆ ಇಳಿಯುವ ಆನೆ, ವಾರಗಟ್ಟಲೆ ಕರೆಂಟಿಲ್ಲದ ಜುಲೈ. ಒಳ್ಳೆ ಫಸಲು, ಒಳ್ಳೆ ದರ ಎರಡೂ ಒಟ್ಟಿಗೆ ಬರುವುದು ಅಪರೂಪ. ಬಂದಾಗ ಆ ದುಡ್ಡನ್ನು ಎಲ್ಲಿಡುವುದು ಅನ್ನುವುದು ನಿಜವಾದ ಪ್ರಶ್ನೆಯೇ. ಮತ್ತೆ ದರ ಬೀಳುವ ವರ್ಷಕ್ಕೆ ಅದೇ ಆಧಾರ.

ಹಾಗೆ ಫೋನು ಮಾಡಿದವರಲ್ಲಿ ಒಬ್ಬರು ನನ್ನ ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, 'ಇನ್‌ವಾಯ್ಸ್ ಡಿಸ್ಕೌಂಟಿಂಗ್' ಅನ್ನುವ ಹೊಸ ಮಾತು ಕಲಿಸಿದರು. ಭಾವ ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಒಂದು ಚೀಲ ಸಿಮೆಂಟಿಗೂ ರಸೀದಿ ಇಟ್ಟುಕೊಳ್ಳುವ ಮನುಷ್ಯ. ಅವರು ದುಡ್ಡು ಹಾಕಿದ ಆ್ಯಪಿನ ಹೆಸರು ಇಲ್ಲಿ ಬೇಡ, ದೂರು ಪೊಲೀಸರ ಮುಂದಿದೆ. ನಾನು ಹೇಳಹೊರಟಿರುವುದು ಅವರಿಗೆ ಮಾರಿದ ವಸ್ತುವಿನ ಬಗ್ಗೆ. ಅದು ಚಿನ್ನವಲ್ಲ, ಸೈಟಲ್ಲ, ಷೇರೂ ಅಲ್ಲ. ಬೇರೆ ಯಾರೋ ಇನ್ಯಾರಿಗೋ ಕೊಡಬೇಕಾದ ಬಾಕಿ.

ಇದು ಮೂಲದಲ್ಲಿ ಕೆಟ್ಟ ವ್ಯಾಪಾರವಲ್ಲ. ಆಲೂರಿನಲ್ಲಿ ಒಬ್ಬರು ಗೋಣಿಚೀಲ ಸಪ್ಲೈ ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ದೊಡ್ಡ ಕಂಪನಿಯೊಂದಕ್ಕೆ 1 ಲಕ್ಷ ರೂಪಾಯಿಯ ಚೀಲ ಕಳಿಸಿ ಬಿಲ್ಲು ಹಾಕಿದರು. ಕಂಪನಿ ದುಡ್ಡು ಕೊಡುವುದು 90 ದಿನದ ನಂತರ. ಆದರೆ ಇವರಿಗೆ ಈ ಶನಿವಾರವೇ ಬಟವಾಡೆ ಮಾಡಬೇಕು. ಆಗ ಆ ಬಿಲ್ಲನ್ನೇ ನಿಮಗೆ 97,000ಕ್ಕೆ ಮಾರುತ್ತಾರೆ. 90 ದಿನ ಆದ ಮೇಲೆ ಕಂಪನಿ ಕೊಡುವ 1 ಲಕ್ಷ ನಿಮ್ಮದು. 97,000ಕ್ಕೆ ಮೂರು ತಿಂಗಳಲ್ಲಿ 3,000 ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇ 12.5 ಬಿತ್ತು. ಚೀಲದವರಿಗೂ ಅನುಕೂಲ, ನಿಮಗೂ ಲಾಭ. ಹುಂಡಿ ವ್ಯವಹಾರ ನೋಡಿದ ಹಳಬರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಬ್ಯಾಂಕುಗಳೂ ಇದನ್ನೇ ಎಷ್ಟೋ ಕಾಲದಿಂದ ಮಾಡುತ್ತಿವೆ.

ಗಮನಿಸಿ, ಈ ಕಥೆಯಲ್ಲಿ ಮೂರು ಜನ ಇದ್ದಾರೆ. ಚೀಲ ಕೊಟ್ಟವರು, ದುಡ್ಡು ಹಾಕುವ ನೀವು, ಮತ್ತೆ 1 ಲಕ್ಷ ಕೊಡಬೇಕಾದ ಕಂಪನಿ. ನಿಮ್ಮ ದುಡ್ಡು ವಾಪಸ್ ಬರುವುದು ಆ ಮೂರನೆಯವರ ಕೈಯಿಂದ. ಆ್ಯಪು ಬರೀ ನಡುವಿನ ದಲ್ಲಾಳಿ.

ಭಾವ ಮಾರ್ಚಿನಲ್ಲಿ ಮೊದಲು ಹಾಕಿದ್ದು 1 ಲಕ್ಷ, 60 ದಿನಕ್ಕೆ, ಶೇ 14ರ ಲೆಕ್ಕದಲ್ಲಿ. ಮೇ ತಿಂಗಳಲ್ಲಿ ಹೇಳಿದ ದಿನವೇ 1,02,300 ರೂಪಾಯಿ ಖಾತೆಗೆ ಬಂತು. ಜೂನಿನಲ್ಲಿ, ಇನ್ನೂ ಮಳೆ ಗಟ್ಟಿಯಾಗಿ ಹಿಡಿಯುವ ಮೊದಲು, 6 ಲಕ್ಷ ಹಾಕಿದರು. ಮೂರು ಬಿಲ್ಲು, 120 ದಿನ. ಅದರಲ್ಲಿ ಐವತ್ತು ಸಾವಿರ ಅವರದಲ್ಲ, ನಮ್ಮ ತೋಟದ ರೈಟ್ರದು. ಮಗಳ ನರ್ಸಿಂಗ್ ಫೀಸಿಗೆ ಎತ್ತಿಟ್ಟಿದ್ದ ದುಡ್ಡು. ಭಾವನಿಗೆ ಬಂದ ಮೊದಲ ಬಡ್ಡಿ ನೋಡಿ, "ಸಾರ್, ನಂದೂ ಒಂದು ಸೇರ್ಸಿ" ಅಂದಿದ್ದರಂತೆ. ದಸರಾ ಹೊತ್ತಿಗೆ ಬರಬೇಕಾಗಿತ್ತು. ಬರಲಿಲ್ಲ. ಮೊದಲು ಸಿಸ್ಟಂ ಅಪ್‌ಗ್ರೇಡ್ ಅಂದರು, ಆಮೇಲೆ ಆಡಿಟ್ ಅಂದರು, ಆಮೇಲೆ ಆ ಸಿಹಿ ದನಿಯ ಹುಡುಗಿಯ ನಂಬರ್ ಸ್ವಿಚ್ ಆಫ್.

ನನಗೆ ಈ ವಿಷಯ ತಿಳಿದದ್ದೇ ದೀಪಾವಳಿ ಕಳೆದ ಮೇಲೆ. ತೋಟದ ಲೆಕ್ಕದ ಪುಸ್ತಕ ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲಿರುವುದರಿಂದ ಭಾವ ಒಂದು ಸಂಜೆ ಫೈಲು ಹಿಡಿದುಕೊಂಡು ಬಂದು ಮೇಜಿನ ಮೇಲಿಟ್ಟರು. "ನೋಡಮ್ಮ, ಇದ್ನೆಲ್ಲ ಒಂದ್ಸಲ ತಾರೀಖಿನ ಪ್ರಕಾರ ಜೋಡ್ಸಿ ಕೊಡು. ಕಂಪ್ಲೇಂಟ್ ಕೊಡ್ಬೇಕು" ಅಂದರು. ಅಷ್ಟೇ. ಕಾಫಿ ಕೊಟ್ಟರೆ ಕುಡಿಯಲಿಲ್ಲ, ಲೋಟ ಹಾಗೇ ಇತ್ತು.

ಫೈಲು ಅಚ್ಚುಕಟ್ಟಾಗಿತ್ತು, ಎಂಜಿನಿಯರ್ ಫೈಲು. ಒಪ್ಪಂದದ ಪ್ರತಿ, ದುಡ್ಡು ಕಳಿಸಿದ ಬ್ಯಾಂಕ್ ದಾಖಲೆ, ಮೂರು ಬಿಲ್ಲಿನ ಪಿಡಿಎಫ್ ಪ್ರಿಂಟು. ಮೂರೂ ಬಿಲ್ಲು ತುಮಕೂರಿನ ಕಡೆಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯದು. ಅವರು ದೇಶಕ್ಕೆಲ್ಲ ಗೊತ್ತಿರುವ ಒಂದು ತಿಂಡಿ ಕಂಪನಿಗೆ ಪೆಟ್ಟಿಗೆ ಸಪ್ಲೈ ಮಾಡಿದ್ದಾರೆ ಅಂತ. ಆ ತಿಂಡಿ ಕಂಪನಿಯ ಬಿಸ್ಕತ್ತು ನಮ್ಮ ಲೈನ್ ಮನೆಯ ಮಕ್ಕಳ ಕೈಯಲ್ಲೂ ಇರುತ್ತದೆ. ಅದು ದುಡ್ಡು ಕೊಡದೆ ಓಡಿಹೋಗುತ್ತಾ? ಭಾವನ ಧೈರ್ಯಕ್ಕೆ ಕಾರಣ ಆ ಹೆಸರು, ಆ್ಯಪಲ್ಲ.

ನಾನು ಬಿಲ್ಲು ನೋಡುವುದು ಬೇರೆ ರೀತಿ, ಗೊಬ್ಬರದ ಬಿಲ್ಲು, ಡೀಸೆಲ್ ಬಿಲ್ಲು ನೋಡಿ ನೋಡಿ ಬಂದ ಅಭ್ಯಾಸ. ಮೊದಲು ಕಂಡದ್ದು ಜಿಎಸ್‌ಟಿ ನಂಬರು. 15 ಅಕ್ಷರದ ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕದ್ದಾದರೆ 29. ಇಲ್ಲಿ ವಿಳಾಸ ತುಮಕೂರು, ನಂಬರು ಶುರುವಾಗುವುದು 27ರಿಂದ. ಅದು ಮಹಾರಾಷ್ಟ್ರ. ಎರಡನೆಯದು, ಮೂರು ಬಿಲ್ಲಿನ ಮೊತ್ತ 25 ಲಕ್ಷ, 30 ಲಕ್ಷ, 40 ಲಕ್ಷ. ತೆರಿಗೆ ಸೇರಿದ ಬಿಲ್ಲು ಅಷ್ಟು ದುಂಡಗೆ ಕೂರುವುದು ಅಪರೂಪ, ಮೂರಕ್ಕೆ ಮೂರೂ ಹಾಗೆ ಕೂರುವುದಂತೂ ನಾನು ನೋಡಿಲ್ಲ. ಮೂರನೆಯದು, ತಾರೀಖಿನ ನಡುವೆ ಒಂದೊಂದು ತಿಂಗಳ ಅಂತರ ಇದ್ದರೂ ಬಿಲ್ಲಿನ ನಂಬರು ಒಂದರ ಹಿಂದೆ ಒಂದು. ಅಂದರೆ ನಡುವಿನ ದಿನಗಳಲ್ಲಿ ಆ ಕಾರ್ಖಾನೆ ಬೇರೆ ಯಾರಿಗೂ ಒಂದು ಪೆಟ್ಟಿಗೆಯನ್ನೂ ಮಾರಿಲ್ಲ. ಆದರೆ ಆ್ಯಪಿನಲ್ಲಿ ಅದರ ವಾರ್ಷಿಕ ವಹಿವಾಟು 40 ಕೋಟಿ ಅಂತ ಬರೆದಿದೆ!

40 ಕೋಟಿ ಅಂದ ಕೂಡಲೇ ಇನ್ನೊಂದು ಹೊಳೆಯಿತು. 2023ರ ಆಗಸ್ಟ್ 1ರಿಂದ 5 ಕೋಟಿಗೆ ಮೇಲ್ಪಟ್ಟ ವಹಿವಾಟಿನ ವ್ಯಾಪಾರಿಗಳು ಬೇರೆ ವ್ಯಾಪಾರಿಗಳಿಗೆ ಮಾಡುವ ಬಿಲ್ಲು ಇ-ಇನ್‌ವಾಯ್ಸ್ ಆಗಿರಬೇಕು. ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಿದ ಮೇಲೆ 64 ಅಕ್ಷರದ ಒಂದು ಗುರುತಿನ ಸಂಖ್ಯೆ, ಜೊತೆಗೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ನಮ್ಮ ಪಂಪ್‌ಸೆಟ್ ಡೀಲರ್ ಬಿಲ್ಲಿನಲ್ಲೂ ಇದೆ. ಈ ಮೂರರಲ್ಲಿ ಇರಲಿಲ್ಲ.

ಇಷ್ಟು ನೋಡಿದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಯಾರೋ ಗುಮಾಸ್ತ ತಪ್ಪಾಗಿ ಟೈಪ್ ಮಾಡಿರಬಹುದಲ್ಲ. ತಿಂಡಿ ಕಂಪನಿಯ ವೆಬ್‌ಸೈಟಿನಲ್ಲಿ ಷೇರುದಾರರಿಗಾಗಿ ಕೊಟ್ಟಿದ್ದ ಇಮೇಲ್ ವಿಳಾಸಕ್ಕೆ ಭಾವನ ಹೆಸರಿನಿಂದಲೇ ಬರೆದೆವು. ಮೂರು ಬಿಲ್ಲಿನ ನಂಬರು ಹಾಕಿ, ಇವುಗಳ ಹಣ ನೀವು ಕೊಡಬೇಕಾಗಿದೆಯೇ, ದಯವಿಟ್ಟು ತಿಳಿಸಿ ಅಂತ. ಹನ್ನೊಂದು ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. ಆ ಹೆಸರಿನ ಸರಬರಾಜುದಾರರು ನಮ್ಮಲ್ಲಿಲ್ಲ, ಆ ನಂಬರಿನ ಆರ್ಡರುಗಳನ್ನು ನಾವು ಕೊಟ್ಟಿಲ್ಲ.

ಬಾಕಿ ಕೊಡಲು ಯಾರೋ ತಡ ಮಾಡುತ್ತಿದ್ದಾರೆ ಅಂತ ಭಾವ ಅಲ್ಲಿಯವರೆಗೆ ಅಂದುಕೊಂಡಿದ್ದರು. ಬಾಕಿಯೇ ಇರಲಿಲ್ಲ. ಆ ಪೆಟ್ಟಿಗೆಗಳೂ ಇರಲಿಲ್ಲ. ಮೇ ತಿಂಗಳಲ್ಲಿ ಬಂದ 1,02,300 ಇನ್ಯಾರೋ ಹೊಸಬರು ಹಾಕಿದ ದುಡ್ಡೇ ಇರಬೇಕು.

ಇದೇ ಜಾತಿಯ, ಆದರೆ ಬಹಳ ದೊಡ್ಡ ಪ್ರಕರಣ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಹೈದರಾಬಾದಿನ ಕ್ಯಾಪಿಟಲ್ ಪ್ರೊಟೆಕ್ಷನ್ ಫೋರ್ಸ್ ಅನ್ನುವ ಕಂಪನಿಯ 'ಫಾಲ್ಕನ್ ಇನ್‌ವಾಯ್ಸ್ ಡಿಸ್ಕೌಂಟಿಂಗ್' ಪ್ರಕರಣ. ಸೈಬರಾಬಾದ್ ಪೊಲೀಸರು 2025ರ ಫೆಬ್ರುವರಿಯಲ್ಲಿ ಕೊಟ್ಟ ವಿವರದ ಪ್ರಕಾರ, 2021ರಿಂದ ಅದು 6,979 ಜನರಿಂದ ಸುಮಾರು 1,700 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಅರ್ಧದಷ್ಟು ವಾಪಸ್ ಕೊಟ್ಟಿತ್ತು, ಉಳಿದ 850 ಕೋಟಿಯಷ್ಟು ನಿಂತುಹೋಯಿತು. ಆಸೆ ತೋರಿಸಿದ್ದು ಶೇ 11ರಿಂದ 22. ಕನಿಷ್ಠ 25,000 ರೂಪಾಯಿ ಇದ್ದರೆ ಸಾಕು, 45 ದಿನದಿಂದ 180 ದಿನದ ಅವಧಿ. ದೊಡ್ಡ ದೊಡ್ಡ ಕಂಪನಿಗಳ ಹೆಸರಿನಲ್ಲಿ ಸುಳ್ಳು ವ್ಯವಹಾರಗಳನ್ನು ಸೃಷ್ಟಿಸಿದ್ದರು, ಹೊಸಬರ ದುಡ್ಡಿನಲ್ಲಿ ಹಳಬರಿಗೆ ಕೊಡುತ್ತಿದ್ದರು ಅನ್ನುವುದು ಪೊಲೀಸರ ಆರೋಪ. ಜನವರಿಯಲ್ಲಿ ಪಾವತಿ ನಿಂತಿತು, ಅದೇ ತಿಂಗಳು ಮುಖ್ಯಸ್ಥ ಖಾಸಗಿ ವಿಮಾನದಲ್ಲಿ ದೇಶ ಬಿಟ್ಟ ಎಂದು ಇ.ಡಿ. ಹೇಳಿತು. ಮಾರ್ಚಿನಲ್ಲಿ ಆ ವಿಮಾನವನ್ನೇ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಜಪ್ತಿ ಮಾಡಿದರು. 25,000 ಹಾಕಿದವರ ದುಡ್ಡೂ ಆ ವಿಮಾನದ ಒಂದು ಮೊಳೆಯಾಗಿತ್ತೋ ಏನೋ.

ಭಾವ ಆ ಸುದ್ದಿಯನ್ನು ಓದಿದ್ದರು ಅನ್ನುವುದೇ ವಿಶೇಷ. ಓದಿ, ಮೊದಲ ಕಂತು ಹಾಕುವ ಮೊದಲು ಆ ಹುಡುಗಿಯನ್ನೇ ಕೇಳಿದ್ದರು. "ಅವ್ರು ಫ್ರಾಡ್ ಸರ್, ನಮ್ದು ರಿಜಿಸ್ಟರ್ಡ್ ಕಂಪನಿ, ಪ್ರತಿ ಬಿಲ್ಲನ್ನೂ ನಾವು ವೆರಿಫೈ ಮಾಡ್ತೀವಿ" ಅಂದಳಂತೆ. ಕಂಪನಿ ರಿಜಿಸ್ಟರ್ ಆಗಿತ್ತು, ಅದು ಸುಳ್ಳಲ್ಲ. ಫಾಲ್ಕನ್ ನಡೆಸಿದ್ದೂ ರಿಜಿಸ್ಟರ್ಡ್ ಪ್ರೈವೇಟ್ ಲಿಮಿಟೆಡ್ ಕಂಪನಿಯೇ.

ಊರಲ್ಲಿ ಸುದ್ದಿ ಹಬ್ಬಿದ ಮೇಲೆ ಕೇಳಿದ ಮಾತು ಒಂದೇ. "ಆಸೆ ಬಿದ್ರೆ ಹಿಂಗೇ." ಮದುವೆ ಮನೆಯಲ್ಲಿ, ಸೊಸೈಟಿಯಲ್ಲಿ, ವಣಗೂರಿನ ಬಸ್‌ಸ್ಟ್ಯಾಂಡಿನಲ್ಲಿ. ನನಗೆ ಈ ಮಾತು ಒಪ್ಪಿಗೆಯಿಲ್ಲ, ಭಾವ ಅನ್ನುವ ಕಾರಣಕ್ಕೆ ಅಲ್ಲ. ಬ್ಯಾಂಕಿನಲ್ಲಿ ಶೇ 7 ಸಿಗುವ ಕಾಲದಲ್ಲಿ ಶೇ 14 ಕೇಳಿದ್ದು ದುರಾಸೆ ಅನ್ನುವುದಾದರೆ, ಚೀಟಿ ಕೂಗುವ ನಮ್ಮೂರಿನವರೆಲ್ಲ ದುರಾಸೆಯವರೇ. ತಿಂಗಳಿಗೆ ದುಪ್ಪಟ್ಟು ಮಾಡಿಕೊಡುತ್ತೇವೆ ಅಂದವರನ್ನು ಭಾವ ಬಾಗಿಲಿಂದಲೇ ಕಳಿಸಿದ್ದಾರೆ. ಇದು ಹಾಗಿರಲಿಲ್ಲ. ದರ ನಂಬುವಷ್ಟೇ ಇತ್ತು, ಅದರ ಹಿಂದೆ ವ್ಯಾಪಾರದ ಒಂದು ತರ್ಕ ಇತ್ತು, ದೊಡ್ಡ ಕಂಪನಿಯ ಹೆಸರಿತ್ತು. ಈಗಿನ ಮೋಸ ಎಚ್ಚರದವರನ್ನು ನೋಡಿಕೊಂಡೇ ಹೊಲಿದ ಅಂಗಿ.

ಇನ್ನೊಂದು ವಿಷಯ. ಬರಬೇಕಾದ ಬಾಕಿಯನ್ನು ನಂಬುವುದು ಕಾಫಿ ಬೆಳೆಗಾರರಿಗೆ ರಕ್ತದಲ್ಲೇ ಬಂದದ್ದು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೇ ಕೊಡಬೇಕಾಗಿತ್ತು. ಕೊಟ್ಟ ದಿನ ಪೂರ್ತಿ ದುಡ್ಡು ಸಿಗುತ್ತಿರಲಿಲ್ಲ. ಮುಂಗಡವಾಗಿ ಒಂದಿಷ್ಟು, ಆಮೇಲೆ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ. ಒಂದು ಫಸಲಿನ ಕೊನೆಯ ಕಂತು ಕೈಗೆ ಬರುವಷ್ಟರಲ್ಲಿ ಮುಂದಿನ ಫಸಲೂ ಕುಯ್ದು ಒಣಗಿಸಿ ಆಗಿರುತ್ತಿತ್ತು. ನಾನು ಮದುವೆಯಾಗಿ ಬಂದಾಗ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತು, "ಪೂಲ್ ದುಡ್ಡು ಬರ್ಲಿ, ಮಾಡನ". ಹೆಂಚು ಬದಲಿಸುವುದಕ್ಕೂ ಪೂಲ್ ದುಡ್ಡು, ಸೀರೆಗೂ ಪೂಲ್ ದುಡ್ಡು. ತಡ ಆಗುತ್ತಿತ್ತು, ಬೈಯುತ್ತಿದ್ದರು, ಆದರೆ ಬರುತ್ತಿತ್ತು. ಯಾಕೆಂದರೆ ಕೊಡಬೇಕಾದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಪೂಲ್ ಹಂತ ಹಂತವಾಗಿ ಸಡಿಲವಾಗಿ, 1996ರಲ್ಲಿ ಎಲ್ಲರಿಗೂ ಮುಕ್ತ ಮಾರಾಟ ಬಂತು.

ಆಮೇಲೆ ವ್ಯಾಪಾರಿಗಳ ಕಾಲ. ಆಗ ನಮ್ಮ ಮಾವ ಒಂದು ಕೆಲಸ ಮಾಡಿದ್ದು ನನಗೆ ಈ ಫೈಲು ಜೋಡಿಸುವಾಗ ನೆನಪಿಗೆ ಬಂತು. ಪರಿಚಯದ ವ್ಯಾಪಾರಿಯೊಬ್ಬರು ಒಂದು ಚೀಟಿ ತಂದು, "ಗೌಡ್ರೇ, ಹಾಸನದ ಕ್ಯೂರಿಂಗ್ ವರ್ಕ್ಸ್‌ನವರು ನಂಗೆ ಇಷ್ಟು ಕೊಡ್ಬೇಕು, ಇಪ್ಪತ್ತು ದಿನ ಬಿಟ್ಟು ಕೊಡ್ತಾರೆ. ನೀವು ಈಗ ಅಡ್ಜಸ್ಟ್ ಮಾಡಿದ್ರೆ ಆ ದುಡ್ಡು ನಿಮಗೇ" ಅಂದರು. ಈಗ ಯೋಚಿಸಿದರೆ ಅದೂ ಇನ್‌ವಾಯ್ಸ್ ಡಿಸ್ಕೌಂಟಿಂಗೇ. ಮಾವ ಆಯ್ತು ಅಂದು ಚೀಟಿ ಇಸಕೊಂಡು, ಮಾರನೇ ದಿನ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ, ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್ ಮುಂದೆ ಚೀಟಿ ಇಟ್ಟು, "ಇದು ನೀವು ಕೊಡಬೇಕಾದ್ದು ಹೌದಾ?" ಅಂತ ಕೇಳಿ ಬಂದರು. ಹೌದು ಅಂದರಂತೆ. ಸಂಜೆ ಬಂದು ವ್ಯಾಪಾರಿಗೆ ದುಡ್ಡು ಕೊಟ್ಟರು. ವ್ಯಾಪಾರಿಗೆ ಬೇಜಾರೂ ಆಗಲಿಲ್ಲ, ಮುಂದಿನ ವರ್ಷವೂ ನಮ್ಮ ಕಾಳುಮೆಣಸು ಅವರೇ ಕೊಂಡರು.

ಇದನ್ನು ಭಾವನ ಮುಂದೆ ನೆನೆಸಿಕೊಂಡೆ, ಚುಚ್ಚಬೇಕು ಅಂತಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಹಾಸನದ ಬಸ್ ಹತ್ತಿದ್ರು ಕಣಮ್ಮ. ನಾನು ಯಾವ ಬಸ್ ಹತ್ಲಿ?" ಅಂದರು.

ಹತ್ತಲು ಬಸ್ಸೇ ಇಲ್ಲದ ಹಾಗೆ ಮಾಡಿದ್ದರು. ಅವರ ಒಪ್ಪಂದದ 11ನೇ ಪುಟದಲ್ಲಿ, ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ, ಹಣ ಹಾಕಿದವರು ಯಾವ ಕಾರಣಕ್ಕೂ ಖರೀದಿ ಮಾಡಿದ ಕಂಪನಿಯನ್ನು ನೇರವಾಗಿ ಸಂಪರ್ಕಿಸಬಾರದು ಅನ್ನುವ ಷರತ್ತಿತ್ತು. ಸಂಪರ್ಕಿಸಿದರೆ ಗೋಪ್ಯತೆ ಮುರಿದಂತೆ, ಒಪ್ಪಂದ ರದ್ದು. ವ್ಯಾಪಾರದ ಸಂಬಂಧ ಕೆಡಬಾರದಲ್ಲ ಅಂತ ಅದಕ್ಕೊಂದು ವಿವರಣೆ. ನಿಯತ್ತಿನ ಕೆಲವು ಕಡೆಗಳಲ್ಲೂ ಇಂಥ ಷರತ್ತು ಇರಬಹುದು. ಆದರೆ ಇಡೀ ವ್ಯವಹಾರದಲ್ಲಿ ಸತ್ಯ ಹೇಳಬಲ್ಲ ಒಬ್ಬರೇ ಒಬ್ಬರ ಬಾಗಿಲಿಗೆ ಹೋಗಬೇಡ ಅನ್ನುವ ಷರತ್ತು ಅದು. ನನ್ನ ಕಣ್ಣಿಗೆ ಆ ಇಡೀ ಫೈಲಿನಲ್ಲಿ ಮೋಸದ ತಾಯಿಬೇರು ಸುಳ್ಳು ಬಿಲ್ಲಲ್ಲ, ಈ 11ನೇ ಪುಟ.

ಕಾನೂನು ಇದನ್ನು ಬಹಳ ಹಿಂದೆಯೇ ಯೋಚಿಸಿದೆ ಅಂತ ಸಕಲೇಶಪುರದ ಪರಿಚಯದ ವಕೀಲರು ಹೇಳಿದಾಗ ನನಗೆ ಆಶ್ಚರ್ಯವಾಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಬಾಕಿಯನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸುವ ಬಗ್ಗೆ ಇದೆ. ವರ್ಗಾವಣೆಯಾಗಿದೆ ಅಂತ ಬಾಕಿದಾರನಿಗೆ ತಿಳಿದಿಲ್ಲದಿದ್ದರೆ, ಅವನು ಹಳೆಯ ಮಾಲೀಕನಿಗೇ ದುಡ್ಡು ಕೊಟ್ಟು ಕೈತೊಳೆದುಕೊಳ್ಳಬಹುದು. ಕೊಂಡವನಿಗೆ ಅವನ ಮೇಲೆ ಹಕ್ಕಿಲ್ಲ. ಅಂದರೆ ಬಿಲ್ಲು ನಿಜವಾಗಿದ್ದರೂ, ಆ ತಿಂಡಿ ಕಂಪನಿಗೆ ನೋಟಿಸು ಹೋಗಿರದಿದ್ದರೆ ಭಾವನ ಕೈಯಲ್ಲಿದ್ದದ್ದು ಬರೀ ಕಾಗದ.

ಇನ್ನು ಸರಿಯಾಗಿ ನಡೆಯುವ ಕಡೆ ಹೇಗೆ ಅಂತಲೂ ಕೇಳಿ. ಸಣ್ಣ ಉದ್ಯಮಗಳ ಬಿಲ್ಲಿಗೆ ಬೇಗ ದುಡ್ಡು ಸಿಗಲಿ ಅಂತ ರಿಸರ್ವ್ ಬ್ಯಾಂಕ್ 2014ರಲ್ಲಿ ಟ್ರೆಡ್ಸ್ ಅನ್ನುವ ವ್ಯವಸ್ಥೆಗೆ ಮಾರ್ಗಸೂಚಿ ಹೊರಡಿಸಿತು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಅನ್ನುವ ಮಾರುಕಟ್ಟೆಗಳು ಅದರ ಅಡಿಯಲ್ಲಿ 2017ರ ಹೊತ್ತಿಗೆ ಶುರುವಾದವು. ಅಲ್ಲಿ ಒಂದು ಬಿಲ್ಲು ಮಾರಾಟಕ್ಕೆ ಬರಬೇಕಾದರೆ, ದುಡ್ಡು ಕೊಡಬೇಕಾದ ಕಂಪನಿ ಮೊದಲು 'ಹೌದು, ಇದು ನಮ್ಮ ಬಾಕಿ' ಅಂತ ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಮುಂದೆ ಹೋಗುವುದೇ ಇಲ್ಲ. ನಮ್ಮ ಮಾವ ಬಸ್ಸಿನಲ್ಲಿ ಹೋಗಿ ಮಾಡಿದ ಕೆಲಸವನ್ನೇ ಅಲ್ಲಿ ಕಂಪ್ಯೂಟರ್ ಮಾಡುತ್ತದೆ. ಆದರೆ ಆ ಮಾರುಕಟ್ಟೆಯಲ್ಲಿ ಬಿಲ್ಲು ಕೊಳ್ಳುವವರು ಬ್ಯಾಂಕುಗಳು, ಫೈನಾನ್ಸ್ ಸಂಸ್ಥೆಗಳು. ನಿಮ್ಮಂಥ ನನ್ನಂಥವರಿಗೆ ಪ್ರವೇಶವಿಲ್ಲ. ನಮಗೆ ಬಿಲ್ಲು ಮಾರಲು ಬರುವ ಆ್ಯಪುಗಳು ಈ ವ್ಯವಸ್ಥೆಯ ಹೊರಗಿನವು. 'ಟ್ರೆಡ್ಸ್ ಇದ್ದ ಹಾಗೇ ಸರ್' ಅಂತ ಯಾರಾದರೂ ಹೇಳಿದರೆ, 'ಇದ್ದ ಹಾಗೆ' ಅನ್ನುವ ಎರಡು ಪದದ ಮೇಲೆ ಬೆರಳಿಡಿ.

ದೊಡ್ಡವರೇ ಬಾಕಿದಾರನನ್ನು ಕೇಳದೆ ಮುಳುಗಿದ ಉದಾಹರಣೆ ನಮ್ಮ ದೇಶದಲ್ಲಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಬರೆದ ಪತ್ರ ನೆನಪಿರಬಹುದು. ಬ್ಯಾಂಕಿನಲ್ಲಿ ಇದ್ದೇ ಇಲ್ಲದ 5,040 ಕೋಟಿ ರೂಪಾಯಿ ಇದೆ ಅಂತ ತೋರಿಸಿದ್ದೇ ಎಲ್ಲರ ಬಾಯಲ್ಲಿ ಉಳಿಯಿತು. ಅದೇ ಪತ್ರದಲ್ಲಿ ಇನ್ನೊಂದು ಸಾಲಿತ್ತು. ಗ್ರಾಹಕರಿಂದ ಬರಬೇಕಾದ ಬಾಕಿ 2,651 ಕೋಟಿ ಅಂತ ಪುಸ್ತಕದಲ್ಲಿದೆ, ಅದರಲ್ಲಿ 490 ಕೋಟಿ ಹೆಚ್ಚುವರಿಯಾಗಿ ತೋರಿಸಿದ್ದು. ಸಾವಿರಾರು ಸುಳ್ಳು ಬಿಲ್ಲುಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದ್ದು ತನಿಖೆಯಲ್ಲಿ ಹೊರಬಂತು, 2015ರಲ್ಲಿ ಶಿಕ್ಷೆಯೂ ಆಯಿತು. ಆಡಿಟರುಗಳು ಬಾಕಿದಾರರಿಗೆ ಪತ್ರ ಬರೆದು 'ಇಷ್ಟು ಕೊಡಬೇಕಾಗಿದೆಯೇ' ಅಂತ ಖಚಿತ ಮಾಡಿಕೊಳ್ಳಬೇಕು ಅನ್ನುವುದು ಲೆಕ್ಕಪರಿಶೋಧನೆಯ ಹಳೆಯ ಪಾಠ. ಅಲ್ಲಿ ಆ ಪಾಠ ಕೈಬಿಟ್ಟುಹೋಗಿತ್ತು. ಅಷ್ಟು ದೊಡ್ಡ ಆಡಿಟರುಗಳ ಕಣ್ಣಿಗೇ ಮಣ್ಣು ಬಿದ್ದ ಮೇಲೆ, ಬಿಸಿಲೆಯ ಮಳೆಯಲ್ಲಿ ಮೊಬೈಲ್ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುವ ನಮ್ಮ ಭಾವನನ್ನು ದಡ್ಡ ಅನ್ನುವವರಿಗೆ ನಾನು ಏನು ಹೇಳಲಿ?

ಹಾಗಾದರೆ ಬ್ಯಾಂಕೇ ಸುರಕ್ಷಿತವಾ ಅಂತ ಕೇಳಿದರೆ, ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ನಗುತ್ತಾರೋ ಅಳುತ್ತಾರೋ ಗೊತ್ತಿಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿ 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂತ ನಿರ್ಬಂಧ ಹಾಕಿತು. ಸಾಲಗಾರರಿಂದ ಬರಬೇಕಾದ್ದು ಅಂತ ಪುಸ್ತಕದಲ್ಲಿ ತೋರಿಸಿದ್ದರಲ್ಲಿ ನಕಲಿ ಸಾಲಗಳಿದ್ದವು ಅನ್ನುವುದು ಅಲ್ಲಿನ ಆರೋಪ. ಬಾಗಿಲು ಬೇರೆ, ಕಳ್ಳ ಅದೇ. ಆದರೆ ಒಂದು ವ್ಯತ್ಯಾಸವಿದೆ. ಬ್ಯಾಂಕಿನ ಠೇವಣಿಗೆ ವಿಮೆ ಇದೆ, ಆ ಮಿತಿಯನ್ನು 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆ್ಯಪಿನ ಬಿಲ್ಲಿಗೆ ಒಂದು ರೂಪಾಯಿಯ ವಿಮೆಯೂ ಇಲ್ಲ.

ರೈಟ್ರ ಐವತ್ತು ಸಾವಿರವನ್ನು ಭಾವ ದೂರು ಕೊಡುವ ಮೊದಲೇ ವಾಪಸ್ ಕೊಟ್ಟರು. ಒಳ್ಳೆ ದರಕ್ಕೆ ಅಂತ ಅಟ್ಟದ ಮೇಲೆ ಇಟ್ಟುಕೊಂಡಿದ್ದ ಮೆಣಸಿನ ಚೀಲಗಳನ್ನು ಸಕಲೇಶಪುರಕ್ಕೆ ಕಳಿಸಿಬಿಟ್ಟರು. "ಬ್ಯಾಡ ಸಾರ್, ನಿಮ್ದೇ ಹೋಗಿರುವಾಗ" ಅಂತ ರೈಟ್ರು ಎರಡು ಸಲ ಹೇಳಿ, ಮೂರನೇ ಸಲಕ್ಕೆ ತೆಗೆದುಕೊಂಡರು. ಫೀಸು ಕಟ್ಟುವ ಕೊನೆಯ ದಿನ ಹತ್ತಿರ ಬಂದಿತ್ತು. ಉಳಿದ ಐದೂವರೆ ಲಕ್ಷ ಭಾವನ ಸ್ವಂತದ್ದು. ಅಕ್ಕನ ಮಂಡಿ ಆಪರೇಷನ್ ಈ ವರ್ಷ ಮುಂದಕ್ಕೆ ಹೋಗಿದೆ. ಅಕ್ಕ ಕೋಲು ಹಿಡಿದು ಕಣದವರೆಗೆ ಬರುತ್ತಾರೆ, ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಈ ವಿಷಯ ಮಾತ್ರ ಎತ್ತುವುದಿಲ್ಲ.

ದೂರು ಕೊಟ್ಟದ್ದು ಹಾಸನದ ಸಿಇಎನ್ ಪೊಲೀಸ್ ಠಾಣೆಯಲ್ಲಿ. ಸೈಬರ್, ಆರ್ಥಿಕ ಅಪರಾಧಗಳನ್ನು ನೋಡುವ ಈ ಠಾಣೆ ಈಗ ಜಿಲ್ಲೆಗೊಂದು ಇದೆ. ಅಲ್ಲಿನವರು ತಾಳ್ಮೆಯಿಂದ ಕೇಳಿದರು, ಹೇಳಬೇಕಾದ್ದೇ. ಠೇವಣಿದಾರರ ಹಿತಕ್ಕೆ ಕರ್ನಾಟಕದಲ್ಲಿ 2004ರಿಂದಲೇ ಒಂದು ಕಾಯ್ದೆ ಇದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರದ್ದು. ಆಸ್ತಿ ಜಪ್ತಿ ಮಾಡಿ ಹಂಚುವ ದಾರಿ ಅವುಗಳಲ್ಲಿದೆ, ಆದರೆ ಅದು ಉದ್ದದ ದಾರಿ. ದುಡ್ಡು ವರ್ಗಾವಣೆಯಾದ ತಕ್ಷಣ ಗೊತ್ತಾಗಿದ್ದರೆ 1930ಕ್ಕೆ ಫೋನು ಮಾಡಿ ಖಾತೆ ತಡೆಹಿಡಿಸಬಹುದಿತ್ತು ಅಂದರು. ಇಲ್ಲಿ ಗೊತ್ತಾಗಲು 120 ದಿನ ಬೇಕಾಯಿತು. ಆ ಅವಧಿ ಇಟ್ಟಿರುವುದೇ ಅದಕ್ಕೆ ಅಂತ ಅನ್ನಿಸುತ್ತದೆ.

ಓದುವವರಲ್ಲಿ ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ ಒಂದು ಮಾತು. ಠಾಣೆಗೆ ಹೋಗುವಾಗ ನಾವು ಒಯ್ದದ್ದು ಬ್ಯಾಂಕ್ ಸ್ಟೇಟ್‌ಮೆಂಟು, ಮೂರು ಬಿಲ್ಲು, ಪೂರ್ತಿ ಒಪ್ಪಂದ, ವಾಟ್ಸ್ಆ್ಯಪ್ ಮಾತುಕತೆಯ ಪ್ರಿಂಟು ಮತ್ತು ತಿಂಡಿ ಕಂಪನಿಯ ಆ ಎರಡು ಸಾಲಿನ ಉತ್ತರ. ಎಲ್ಲಕ್ಕಿಂತ ಹೆಚ್ಚು ಹೊತ್ತು ಇನ್ಸ್‌ಪೆಕ್ಟರ್ ಓದಿದ್ದು ಆ ಉತ್ತರವನ್ನೇ. ಆ್ಯಪಿನಲ್ಲಿ ನಿಮ್ಮ ಹೆಸರಿನಲ್ಲಿ ಏನೇನು ಕಾಣುತ್ತದೋ ಅದನ್ನೆಲ್ಲ ಇವತ್ತೇ ಇಳಿಸಿಕೊಂಡು, ಫೋಟೋ ತೆಗೆದಿಟ್ಟುಕೊಳ್ಳಿ. ನಾವು ದೂರು ಕೊಟ್ಟು ಬಂದ ಒಂಬತ್ತನೇ ದಿನ ಭಾವ ಮನೆ ಹಿಂದಿನ ದಿಬ್ಬ ಹತ್ತಿ ಆ್ಯಪ್ ತೆರೆದರು. ಬಿಳಿ ಪರದೆ, ನಡುವೆ ತಿರುಗುವ ಚಕ್ರ, ಮತ್ತೇನೂ ಇಲ್ಲ. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರಂತೆ.